ಮೈಕಮ್ಮನ ಪ್ರಾರ್ಥನೆ

ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗಿ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಸಂಜೆಯೇ ಅವಳಿಗೆ ಆ ಕೆಮ್ಮು ಮೊದಲ ಸಲ ಕೇಳಿಸಿತು. ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಮೊಣಕಾಲೂರಿ, "ಸರ್ವಶಕ್ತನೂ ಕರುಣಾಮಯನೂ ಆದ ಪರಲೋಕದ ತಂದೆಯೇ" ಎಂದು ಬಾಯಿ ತೆರೆದಿದ್ದಳಷ್ಟೆ. ಗೋಡೆಯಾಚೆ ಯಾರೋ ಕೆಮ್ಮಿದರು. ಮೊದಲು ಸಣ್ಣದಾಗಿ, ಆಮೇಲೆ ಎದೆಯ ತಳವನ್ನೇ ಕೆರೆದು ತೆಗೆದ ಹಾಗೆ ಉದ್ದಕ್ಕೆ. ಗೋಡೆಯಾಚೆಯದು ಅಣ್ಣನ ಕೋಣೆ. ಅಣ್ಣ ಸತ್ತು ಇನ್ನೂ ತಿಂಗಳಾಗಿರಲಿಲ್ಲ.

ಅವನು ಕಲ್ಲು ಪಾಲಿಶ್ ಮಾಡುವವನು. ಕಂಡವರ ಮನೆಯ ನೆಲವನ್ನು ಕನ್ನಡಿ ಮಾಡುತ್ತಾ ಆ ಧೂಳನ್ನೆಲ್ಲ ಎದೆಗೆ ತುಂಬಿಕೊಂಡಿದ್ದ. ಅವಳು ಕಿಟಕಿಗಳಿಗೆ ಪರದೆ ಹೊಲಿಯುವವಳು, ಮದುವೆಯ ಗೊಡವೆಗೆ ಹೋಗದೆ ಅಣ್ಣ ಅತ್ತಿಗೆಯ ಜೊತೆಗೇ ಉಳಿದವಳು. ಚರ್ಚಿನಲ್ಲಿ ಮಾತ್ರ ಅವಳ ಗತ್ತೇ ಬೇರೆ. ಮೈಕಿನಲ್ಲಿ ಪ್ರಾರ್ಥನೆ ಹೇಳಿಸಬೇಕೆಂದರೆ ಎಲ್ಲರ ಕಣ್ಣೂ ಅವಳತ್ತಲೇ ತಿರುಗುತ್ತಿತ್ತು. ಅಣ್ಣ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದ. "ದೇವರಿಗೂ ಊಟದ ಹೊತ್ತು ಅಂತ ಒಂದಿರುತ್ತೆ ಕಣೇ, ಬೇಗ ಮುಗಿಸು" ಎಂದು ರೇಗಿಸುತ್ತಿದ್ದ.

ಅವನು ಹೋದಾಗಲೂ ಅವಳು ಪ್ರಾರ್ಥಿಸುತ್ತಲೇ ಇದ್ದಳು. ಅತ್ತಿಗೆ ನೀರು ಕಾಯಿಸಲು ಒಳಗೆ ಹೋಗಿದ್ದಳು. ಮಂಚದ ಪಕ್ಕ ಇವಳು ಕಣ್ಣು ಮುಚ್ಚಿ, ಮಾತಿಗೆ ಮಾತು ಪೋಣಿಸುತ್ತಾ ಮೈಮರೆತಿದ್ದಳು. ನಡುವೆ ಅಣ್ಣ, "ಸಾಕು... ಇಲ್ಲಿ ನೋಡು" ಅಂದದ್ದು ಕಿವಿಗೆ ಬಿತ್ತು. ಅರ್ಧಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. ಆಮೆನ್ ಅಂದ ಮೇಲೆಯೇ ಕಣ್ಣು ಬಿಟ್ಟಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಬಂದವರೆಲ್ಲ "ಎಂಥಾ ಒಳ್ಳೆ ಸಾವು! ಪ್ರಾರ್ಥನೆ ಕೇಳ್ತಾ ಕೇಳ್ತಾ ಹೋದ" ಎಂದರು. ಅವಳು ಹೂಂಗುಟ್ಟಿದಳು.

ಕೆಮ್ಮು ಕೇಳಿದ ಆ ಸಂಜೆ ಎದ್ದು ಹೋಗಿ ಬಾಗಿಲು ತಳ್ಳಿ ನೋಡಿದಳು. ಸುತ್ತಿಟ್ಟ ಹಾಸಿಗೆ, ಬರಿ ಮಂಚ, ಮೊಳೆಗೆ ನೇತುಹಾಕಿದ ಅವನ ಕೆಲಸದ ಅಂಗಿ. ಮರುದಿನವೂ ಹಾಗೆಯೇ ಆಯಿತು. ಮೆಷಿನ್ ತುಳಿಯುವಾಗ ಇಲ್ಲ, ಅತ್ತಿಗೆಯ ಜೊತೆ ಹರಟುವಾಗ ಇಲ್ಲ. ಪ್ರಾರ್ಥನೆಗೆ ಕೂತರೆ ಸಾಕು, ಹಾಜರು. ದನಿ ತಗ್ಗಿಸಿ ನೋಡಿದಳು. ಪುಸ್ತಕ ಹಿಡಿದು ಓದಿ ನೋಡಿದಳು. ಪದಗಳು ಚಂದವಾದಷ್ಟೂ ಕೆಮ್ಮು ಹತ್ತಿರವಾಗುತ್ತಿತ್ತು. ಅತ್ತಿಗೆಗೆ ಹೇಳೋಣವೆಂದರೆ, ಅವಳಾಗಲೇ ಆ ಕೋಣೆಯಲ್ಲಿ ಸೆಕೆ ಎಂದು ಚಾಪೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿದ್ದಳು. ಗಂಡನನ್ನು ಕಳೆದುಕೊಂಡವಳಿಗೆ ಇದೊಂದು ಬೇರೆ ಯಾಕೆ ಎಂದು ಬಾಯಿ ಬಿಗಿಹಿಡಿದಳು.

ಶುಕ್ರವಾರ ಚರ್ಚಿನಲ್ಲಿ ಯೇಸುವಿನ ಪಾಡು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆ. ಕೊನೆಯ ಪ್ರಾರ್ಥನೆಗೆ ಎಂದಿನಂತೆ ಅವಳನ್ನೇ ಕರೆದರು. ಮೈಕಿನ ಮುಂದೆ ನಿಂತು, "ಸರ್ವಶಕ್ತನೂ" ಎಂದಳು.

ಕೆಮ್ಮು ಮೇಲಿನ ಸ್ಪೀಕರಿನಿಂದ ಬಂತು. ಇಡೀ ಚರ್ಚಿಗೆ ಕೇಳುವಷ್ಟು ಜೋರಾಗಿ.

ಯಾರೂ ತಲೆಯೆತ್ತಲಿಲ್ಲ. ಹೆಂಗಸರ ಸಾಲಿನಲ್ಲಿ ಅತ್ತಿಗೆಯೊಬ್ಬಳೇ ಬೆಚ್ಚಿ ಸ್ಪೀಕರಿನತ್ತ ನೋಡಿದಳು.

ಮೈಕಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಸಾಲುಗಳೆಲ್ಲ ಎಲ್ಲಿಗೆ ಹೋದವೋ ಏನೋ. ಬಾಯಿಂದ ಬಂದದ್ದಿಷ್ಟು: "ದೇವರೇ, ನಮ್ಮಣ್ಣ ನನ್ನನ್ನ ಕರೆದ. ನಾನು ನೋಡಲಿಲ್ಲ. ನಂಗೆ ತುಂಬಾ ಭಯ ಆಗ್ತಿದೆ. ಅವನನ್ನ ಒಂಟಿ ಬಿಡಬೇಡ."

ಆಮೆನ್ ಕೂಡ ಅನ್ನದೆ ಇಳಿದು ಬಂದಳು. "ಮೈಕ್ ಕೆಟ್ಟೋಯ್ತಾ?" ಎಂದು ಮುಂದಿನ ಬೆಂಚಿನ ಅಜ್ಜಿ ಪಕ್ಕದವಳನ್ನು ಕೇಳುತ್ತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅತ್ತಿಗೆ ಕೇಳಿದಳು, "ನಿಂಗೂ ಕೇಳಿಸ್ತಿತ್ತಾ?"

"ನಿಮಗೆ?"

"ಸೆಕೆ ಅಂತ ಸುಳ್ಳು ಹೇಳಿದ್ದೆ ಕಣೇ. ಕಣ್ಣು ಮುಚ್ಚಿ ಕೈಮುಗಿದರೆ ಸಾಕು, ಶುರುವಾಗುತ್ತೆ. ನಿನಗೆ ಹೇಳಿದ್ರೆ ತಲೆ ಕೆಟ್ಟಿದೆ ಅಂದ್ಕೋತೀಯ ಅಂತ ಸುಮ್ಮನಿದ್ದೆ."

ಅಣ್ಣ ಕೊನೆಗೆ "ಇಲ್ಲಿ ನೋಡು" ಅಂದದ್ದನ್ನೂ ತಾನು ಕಣ್ಣು ಬಿಡದೆ ಇದ್ದದ್ದನ್ನೂ ಅವಳು ಅಳುತ್ತಲೇ ಹೇಳಿದಳು. ಅತ್ತಿಗೆ ಸೆರಗಿನ ತುದಿ ಸುತ್ತುತ್ತಾ ಕೇಳಿದಳು.

"ಏನು ತೋರಿಸ್ಬೇಕಂತ ಇದ್ರೋ?"

"ಗೊತ್ತಿಲ್ಲ ಅತ್ತಿಗೆ."

"ನಾನೂ ನೀರು ಕುದೀಲಿ ಅಂತ ಒಲೆ ಮುಂದೆ ನಿಂತಿದ್ದೆ. ಬೆಚ್ಚಗಾಗಿದ್ರೆ ಸಾಕಿತ್ತು, ಆಗಲೇ ಬರಬಹುದಿತ್ತು." ಅತ್ತಿಗೆ ಅವಳ ಕೈ ಹಿಡಿದಳು. "ಬಾ, ಅಲ್ಲೇ ಹೋಗಿ ಕೂರೋಣ."

ಕೋಣೆಯ ಕಿಟಕಿಯಿಂದ ಇನ್ನೂ ಸ್ವಲ್ಪ ಬೆಳಕು ಬರುತ್ತಿತ್ತು. ಮಂಚದ ಆ ತುದಿಗೆ ಅತ್ತಿಗೆ, ಈ ತುದಿಗೆ ಅವಳು. "ನೀವೇ ಹೇಳಿ" ಎಂದಳು. ಅತ್ತಿಗೆ ಹುಟ್ಟಿದಾಗಿನಿಂದ ಬಾಯಿಬಿಟ್ಟು ಪ್ರಾರ್ಥನೆ ಹೇಳಿದವಳಲ್ಲ. ತಡವರಿಸಿ, "ದೇವರೇ, ನಾವಿಬ್ಬರೂ ಇಲ್ಲೇ ಇದೀವಿ" ಎಂದಳು.

ಆಗ ಕೆಮ್ಮು ಬಂತು. ಗೋಡೆಯಿಂದಲ್ಲ, ತೀರಾ ಹತ್ತಿರದಿಂದ, ಇಬ್ಬರ ನಡುವಿನಿಂದ. ಯಾರೋ ಮೆಲ್ಲನೆ ಕೂತ ಹಾಗೆ ಮಂಚದ ಹಲಗೆ ಕಿರುಗುಟ್ಟಿತು. ಅತ್ತಿಗೆಯ ತುಟಿ ಬಿಳಚಿಕೊಂಡಿತ್ತು. ಆದರೂ ಇಬ್ಬರೂ ಏಳಲಿಲ್ಲ.

"ಹೇಳಿ ಅತ್ತಿಗೆ," ಎಂದಳು ಅವಳು ಪಿಸುದನಿಯಲ್ಲಿ, "ನಿಲ್ಲಿಸಬೇಡಿ."

ಈಸ್ಟರ್ ಬರುವ ತನಕ ಪ್ರತಿ ಸಂಜೆ ಇಬ್ಬರೂ ಆ ಮಂಚದ ಮೇಲೆ, ನಡುವೆ ಜಾಗ ಬಿಟ್ಟು ಕೂತರು.