ಮೈಲ್‌ಸಾಮಿಯ ಬಲಗಿವಿ

ಅನ್ನೂರು ಸುತ್ತಿನ ಯಾವ ತೋಟದಲ್ಲಿ ಪಂಪ್‌ಸೆಟ್ಟು ಮುನಿಸಿಕೊಂಡರೂ ಮೈಲ್‌ಸಾಮಿಯೇ ಬರಬೇಕು. ಬಂದವನು ಬಿಚ್ಚುವುದಿಲ್ಲ, ಬಡಿಯುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗಿಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿ ಕಣ್ಣು ಮುಚ್ಚುತ್ತಾನೆ. ಹಿಂದಿನ ಬೇರಿಂಗು ಎಂದರೆ ಹಿಂದಿನ ಬೇರಿಂಗೇ. ಎಡಗಿವಿ ಮಾತ್ರ ದಂಡ. ಚಿಕ್ಕಂದಿನಲ್ಲೇ ಕೀವು ಸುರಿದು ಹೋದದ್ದು. ಹೊಟ್ಟೆಪಾಡೆಲ್ಲ ಬಲಗಿವಿಯದು. ಇಂಥ ಕಿವಿಯನ್ನು ಹತ್ತಿ ಇಟ್ಟು ಕಾಪಾಡಬೇಕು. ಈ ಪುಣ್ಯಾತ್ಮ ಅದನ್ನು ಬಾವಿಗೆ ತೆಗೆದುಕೊಂಡು ಹೋದ.

ಎಂಬತ್ತಮೂರನೇ ಇಸವಿ, ಸಂಕ್ರಾಂತಿ ಕಳೆದ ತೈ ತಿಂಗಳು. ಹೆಂಡತಿಯ ಅಣ್ಣ ಸುಬ್ಬಯ್ಯನ್ ತೋಟದ ಬಾವಿಯಲ್ಲಿ, ಪೈಪಿನ ಬುಡದ ಫುಟ್‌ವಾಲ್ವಿಗೆ ಹಳೆ ಗೋಣಿಚೀಲ ಸಿಕ್ಕಿಕೊಂಡು ನೀರು ಏರುತ್ತಿರಲಿಲ್ಲ. ಪೈಪನ್ನೇ ಮೇಲೆತ್ತುವ ಚೈನ್‌ಬ್ಲಾಕ್ ಕಾರಮಡೈಗೆ ಹೋಗಿತ್ತು, ನಾಳೆ ಬರುತ್ತಿತ್ತು. ಬಾಳೆ ಒಂದು ದಿನ ಕಾಯುತ್ತಿತ್ತು. ಸುಬ್ಬಯ್ಯನ್ ನಾಲಿಗೆ ಕಾಯಲಿಲ್ಲ.

“ನಮ್ಮ ಮಾಪ್ಳೆಗೆ ದಡದಾಗೆ ಕುಂತು ಕೇಳಾದು ಗೊತ್ತು. ನೀರು ಅಂದ್ರೆ ಬಯ” ಎಂದ, ತಂಗಿಯ ಮನೆಗೆ ಬಂದು, ಅವಳ ಗಂಡನನ್ನು ನೋಡಿ ನಗುತ್ತ.

ಮೈಲ್‌ಸಾಮಿಗೆ ಮೂರು ದಿನದಿಂದ ನೆಗಡಿ. ಮೂಗು ಎರಡೂ ಕಡೆ ಕಟ್ಟಿತ್ತು. “ಹಗ್ಗ ತೆಗೀರಿ ಬಾವ” ಎಂದುಬಿಟ್ಟ.

“ಏನುಂಗ, ಸಳಿ ಇಟ್ಕೊಂಡು ಮುಳುಗಬ್ಯಾಡಿ” ಎಂದಳು ಹೆಂಡತಿ ನಾಚಿಯಮ್ಮ. “ಬಾಳೆ ಒಣಗಿದ್ರೆ ಇನ್ನೊಂದು ನೆಡಬೋದು.”

ನೆಗಡಿಗೂ ಅವನಲ್ಲಿ ಮದ್ದಿತ್ತು. ಅರಿಶಿನದ ಕೊಂಬನ್ನು ದೀಪದಲ್ಲಿ ಸುಟ್ಟು ಹೊಗೆಯನ್ನು ಮೂಗಿಗೆ ಹಿಡಿಯುವುದು. ನಾಚಿಯಮ್ಮನೇ ಬೈಯುತ್ತ ಹಿಡಿದಳು. ಹನ್ನೊಂದು ಸೀನು ಬಂದವು, ಕಣ್ಣಲ್ಲಿ ನೀರು ಧಾರೆಯಾಯಿತು, ಮೂಗು ತೆರೆಯಿತು.

“ನೋಡು, ದಾರಿ ಬಿಟ್ಟೈತೆ!”

ದಾರಿ ಬಿಟ್ಟದ್ದು ನಿಜ. ಎಷ್ಟು ಹೊತ್ತಿನ ಮಟ್ಟಿಗೆ ಎಂದು ಅವನು ಕೇಳಲಿಲ್ಲ, ಅರಿಶಿನ ಹೇಳಲಿಲ್ಲ. ಹೆಂಡತಿಯೊಡನೆ ತೋಟಕ್ಕೆ ನಡೆದು, ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟು, ಬಾವಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮೂಗು ಮತ್ತೆ ಕಟ್ಟತೊಡಗಿತ್ತು. ಅಲ್ಲಿ ಮೂರಾಳು ನೀರು. ಒಂದಾಳು ಇಳಿದಾಗ ಕಿವಿಯನ್ನು ಯಾರೋ ಹೆಬ್ಬೆರಳಿನಿಂದ ಒತ್ತಿದಂತಾಯಿತು. ಎರಡಾಳಿಗೆ ನೋವು ಹಲ್ಲಿಗಿಳಿಯಿತು. ಮೂಗು ಹಿಡಿದು ಊದಿದ. ಗಾಳಿ ಎಲ್ಲಿಗೂ ಹೋಗಲಿಲ್ಲ. ಬುದ್ಧಿಯಿದ್ದವನು ಅಲ್ಲಿಂದಲೇ ತಿರುಗುತ್ತಿದ್ದ. ಆದರೆ ಮೇಲೆ ಸುಬ್ಬಯ್ಯನ್ ಮುಖವಿತ್ತಲ್ಲ! ಇನ್ನೂ ಇಳಿದ. ಗೋಣಿಚೀಲವನ್ನು ಕಿತ್ತ ಹೊತ್ತಿಗೆ ಕಿವಿಯೊಳಗೆ ಟಪ್ ಎಂದಿತು.

ನೋವು ನಿಂತಿತು. ಮೈಲ್‌ಸಾಮಿಗೆ ಸಂತೋಷವಾಯಿತು. ಮರುಕ್ಷಣ ತಣ್ಣೀರು ತಲೆಯೊಳಗೇ ನುಗ್ಗಿ ಬಾವಿ ಗಿರಗಿರ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು? ಉಸಿರಿಗಾಗಿ ಮೇಲಕ್ಕೆಂದು ಕಾಲು ಬಡಿದ. ತಲೆ ಹೋಗಿ ಕೆಸರಿಗೆ ಬಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ನಾಚಿಯಮ್ಮ ಇಲ್ಲದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎಳೆದು ಹಾಕಿದಾಗ ಅವನ ಮುಷ್ಟಿಯಲ್ಲಿ ಗೋಣಿಚೀಲವಿತ್ತು, ಕಿವಿಯಿಂದ ರಕ್ತ ಬರುತ್ತಿತ್ತು.

ಕೊಯಮತ್ತೂರಿನ ಡಾಕ್ಟರು ತಮಿಳಿನಲ್ಲಿ ಕೂಗಿ ಕೂಗಿ ವಿವರಿಸಿದರು. ಮೂಗಿನಿಂದ ಕಿವಿಗೊಂದು ಸಣ್ಣ ದಾರಿಯಿದೆ. ನೆಗಡಿಯಲ್ಲಿ ಅದು ಮುಚ್ಚುತ್ತದೆ. ಆಗ ಮುಳುಗಿದರೆ ನೀರಿನ ಒತ್ತಡಕ್ಕೆ ಒಳಗಿನಿಂದ ತಡೆಯಿಲ್ಲ; ಪೊರೆ ಹರಿಯುತ್ತದೆ. ಪೊರೆ ಕೂಡಿಕೊಳ್ಳಬಹುದು, ಒಳಗಿವಿಗೆ ಏಟು ಬಿದ್ದಿದ್ದರೆ ಹೇಳಲಾಗದು. ಮೂರು ತಿಂಗಳು ಕಾದು ನೋಡಿ.

ಮೂರು ತಿಂಗಳು ಕಾದ. ಮಾತನಾಡುವವರ ತುಟಿ ನೋಡಿ ತಲೆಯಾಡಿಸಲು ಕಲಿತ. ಕಿವಿ ಸರಿಹೋಯಿತು ಎಂದು ಊರಿಗೆಲ್ಲ ಹೇಳಿದ. ನಾಚಿಯಮ್ಮ ಮಾತ್ರ ಅವನ ಎದುರಿಗೆ ಬಂದು ನಿಂತೇ ಮಾತಾಡತೊಡಗಿದಳು.

ಚಿತ್ತಿರೈ ತಿಂಗಳಲ್ಲಿ ಸುಬ್ಬಯ್ಯನ್ ತನ್ನ ಪಂಪ್‌ಸೆಟ್ಟು ನೋಡಲು ಅವನನ್ನು ಕರೆದ. ಮೋಟರ್ ಓಡುತ್ತಿತ್ತು, ಕೋಣೆಯ ಬಲ್ಬು ಉರಿಯುತ್ತಿತ್ತು. ಮೈಲ್‌ಸಾಮಿ ಸ್ಕ್ರೂಡ್ರೈವರ್ ಇಟ್ಟು, ಬಲಗಿವಿ ಒತ್ತಿ, ಕಣ್ಣು ಮುಚ್ಚಿದ. ಏನೂ ಇಲ್ಲ. ಇನ್ನೂ ಒತ್ತಿದ. ಕೈಗೆ ಮಾತ್ರ ನಡುಕ ತಾಗುತ್ತಿತ್ತು. ಒಂದೇ ಸಮನಾದ, ಒಳ್ಳೆಯ ನಡುಕ. ಅದನ್ನೇ ನೆಚ್ಚಿ ಬಹಳ ಹೊತ್ತು ನಿಂತ.

“ಬೇರಿಂಗು ಚೆನ್ನಾಗೈತೆ ಬಾವ” ಎಂದು ಕಣ್ಣು ತೆರೆದ.

ಬಲ್ಬು ಆರಿತ್ತು. ಬಾಗಿಲಾಚೆ ತೊಟ್ಟಿಗೆ ನೀರು ಬೀಳುತ್ತಿರಲಿಲ್ಲ. ಕರೆಂಟು ಯಾವಾಗಲೋ ಹೋಗಿತ್ತು, ಕೈ ಇನ್ನೂ ನಡುಗುತ್ತಿತ್ತು.

ಅವನ ಮಾತಿಗೊಂದು ಕೊಂಕು ಸೇರಿಸದೆ ಸುಬ್ಬಯ್ಯನ್ ಎಂದೂ ಬಿಟ್ಟವನಲ್ಲ. ಈಗ ನಿಂತ ಮೋಟರನ್ನು ನೋಡಿದ, ಮೈಲ್‌ಸಾಮಿಯನ್ನು ನೋಡಿದ.

“ಸರಿ ಮಾಪ್ಳೆ” ಎಂದ, ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ. “ನೀನು ಹೇಳಿದ್ರೆ ಸರಿ.”