ತಟ್ಟೆಯ ಮೇಲಿನ ಕಡ್ಡಿ

ಗುಂಯ್ ಅನ್ನುತ್ತಿದೆ, ಮತ್ತೆ ಗುಂಯ್, ನಾನೇ ಜೋಡಿಸಿದ ಡಬ್ಬಿಯ ತಗಡಿನ ಮೇಲೆ ಅಂಗೈ ಇಟ್ಟರೆ ನಿಲ್ಲುತ್ತದೆ, ತೆಗೆದರೆ ಶುರು — ಈ ಸಭಾಂಗಣದ ಪ್ಲಗ್ಗಿಗೆ ಅರ್ಥಿಂಗ್ ಕೊಟ್ಟಿಲ್ಲ, ಕಟ್ಟಿಸಿದವನಿಗೆ ಗೋಡೆಗೆ ಬಣ್ಣ ಬಳಿಸುವುದೊಂದೇ ನೆನಪಿತ್ತು — ಇರಲಿ, ಕೈ ಇಲ್ಲೇ ಇರುತ್ತದೆ, ಹಾಡು ಮುಗಿಯುವವರೆಗೂ ಇರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಎನ್ನಲಿ, ನಾನೇ ಅರ್ಥಿಂಗ್. ಸಂಜೆ ಕಾರ್ಯಕ್ರಮ, ಈಗ ಬರೀ ಸೌಂಡ್ ಪರೀಕ್ಷೆ, ಕುರ್ಚಿಗಳೆಲ್ಲ ಖಾಲಿ, ಅವುಗಳ ಆಚೆ ಮಿಕ್ಸರ್ ಮುಂದೆ ನನ್ನ ತಮ್ಮ, ತಂಡದ ಯಜಮಾನ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹುಳಿ ಕಚ್ಚಿದವನ ಮುಖ ಮಾಡಿದ್ದಾನೆ, ಅಕ್ಕಾ, ಆ ಗುಜರಿ ಆಫ್ ಮಾಡೇ, ದಮ್ಮಯ್ಯ ಅಂತೀನಿ. ಮಾಡಲ್ಲ ಹೋಗೋ. ಹಿಂದಿನಿಂದ ಡ್ರಮ್ಮಿನವನು, ಅಕ್ಕಾವ್ರೇ, ಅದು ಹಾಡತ್ತೋ ಹಿಟ್ಟು ಬೀಸತ್ತೋ ಅಂದ, ನಿನ್ನ ತಲೇಲಿರೋದನ್ನ ತಂದು ಸುರಿ, ನುಣ್ಣಗೆ ಬೀಸಿ ಕೊಡ್ತೀನಿ ಅಂದೆ, ಅಂದಾಗ ಮೈಕ್ ಬಾಯಿಗೆ ಹತ್ತಿರವೇ ಇತ್ತು, ಮಾತು ಡಬ್ಬಿಯೊಳಗೆ ಹೋಗಿ ಕಬ್ಬಿಣದ ಬಾವಿಯಿಂದ ಎದ್ದು ಬಂದ ಹಾಗೆ ಸಭಾಂಗಣದ ತುಂಬ ಹರಡಿತು, ಅವನು ಕೋಲು ಕೆಳಗಿಟ್ಟ. ಡಬ್ಬಿಗೆ ಮುಚ್ಚಳ ಹಾಕಿಲ್ಲ, ಒಳಗೆ ಕನ್ನಡಿಯಂಥ ತಟ್ಟೆ, ತಟ್ಟೆಯ ಮೇಲೊಂದು ಸಣ್ಣ ಕಡ್ಡಿ, ನಾನು ಬಾಯಿ ತೆರೆದರೆ ಕಡ್ಡಿ ನಡುಗುತ್ತದೆ.

ಒರಟು ದನಿ, ಗೊತ್ತು ಕಣ್ರೋ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಗಂಟಲಿನ ಗಡ್ಡೆ ತೆಗೆದ ಡಾಕ್ಟರು ಜೀವಕ್ಕೇನೂ ತೊಂದರೆಯಿಲ್ಲಮ್ಮ, ದನಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು ಎಂದರು, ಸ್ವಲ್ಪ! — ಎಚ್ಚರವಾಗಿ ನೀರು ಕೇಳಿದರೆ ಬಾಯಿಂದ ಬಂದದ್ದು ನೆಲದ ಮೇಲೆ ಕಬ್ಬಿಣದ ಬೀರು ಎಳೆದ ಸದ್ದು, ಪಕ್ಕದ ಹಾಸಿಗೆಯ ಮುದುಕಿ ಬಾಗಿಲ ಕಡೆ ನೋಡಿದಳು, ಯಾರೋ ಗಂಡಸು ಒಳಗೆ ಬಂದ ಎಂದು. ನೋಡಲು ಬಂದವರೆಲ್ಲ ಅಯ್ಯೋ ಎಂಥಾ ದನಿ ಹೋಯ್ತು ಎಂದು ಕಣ್ಣೊರೆಸಿಕೊಂಡರು, ಅಲ್ಲ, ನಾನು ಇನ್ನೂ ಇದ್ದೇನಲ್ಲ, ಎದುರಿಗೇ ಮಂಚದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದೇನಲ್ಲ. ತಮ್ಮ ಮಾತ್ರ ಅಳಲಿಲ್ಲ, ಉಪಾಯ ಹುಡುಕಿದ, ಅವನ ಕಂಪ್ಯೂಟರ್ ಸತ್ತಿತ್ತು, ನಾನು ಕೆಲಸ ಮಾಡುವ ಗುಜರಿ ಅಂಗಡಿಗೆ ಹೊತ್ತು ತಂದು ಹಾಕಿದ, ಅಕ್ಕಾ, ಮಿಕ್ಕಿದ್ದೆಲ್ಲ ಒಡೆದು ಹಾಕು, ಹಾರ್ಡ್ ಡಿಸ್ಕ್ ಮಾತ್ರ ಜೋಪಾನವಾಗಿ ತೆಗೆದಿಡು, ನೀನು ಮೊದಲು ಹಾಡಿದ್ದೆಲ್ಲ ಅದರಲ್ಲೇ ಇದೆ, ಬೇರೆಲ್ಲೂ ಇಲ್ಲ, ಕಾರ್ಯಕ್ರಮದ ದಿನ ಅದನ್ನೇ ಹಾಕ್ತೀನಿ, ನೀನು ಮೈಕ್ ಹಿಡ್ಕೊಂಡು ಬಾಯಾಡಿಸಿದ್ರೆ ಸಾಕು, ಯಾರಿಗೂ ಗೊತ್ತಾಗಲ್ಲ. ಯಾರಿಗೂ! ನಾನು ಯಾರೂ ಅಲ್ಲವೇನೋ? ಅಂಗಡಿಯ ಮೂಲೆಯಲ್ಲಿ ಕೂತೆ, ಸುತ್ತಲೂ ಬಿಚ್ಚಿದ ಕಂಪ್ಯೂಟರುಗಳ ರಾಶಿ, ಕರುಳಿನ ಹಾಗೆ ವೈರು, ತೊಡೆಯ ಮೇಲೆ ಆ ಡಿಸ್ಕು, ಮೇಲೆ ಅಂಟಿಸಿದ ಚೀಟಿಯಲ್ಲಿ ತಮ್ಮನ ಕೋಳಿಕಾಲಿನ ಅಕ್ಷರ, ಅಕ್ಕನ ಹಾಡು. ಬೇರೆ ಡಿಸ್ಕುಗಳು ಇರಲಿಲ್ಲವೆಂದಲ್ಲ, ಬುಟ್ಟಿ ತುಂಬ ಇದ್ದವು. ಒಮ್ಮೆ ತೆರೆದು ಧೂಳು ಕುಡಿಸಿದರೆ ಆಮೇಲೆ ಯಾವ ಕಂಪ್ಯೂಟರೂ ಓದಲಾರದು, ಅದೂ ಗೊತ್ತಿತ್ತು. ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ, ಮುಚ್ಚಳ ಎತ್ತಿದರೆ ತಟ್ಟೆಯಲ್ಲಿ ನನ್ನದೇ ಕತ್ತು, ಕತ್ತಿನ ಹೊಲಿಗೆಯ ಗೆರೆ, ಗೆರೆಯ ಪಕ್ಕದಲ್ಲಿ ಕಡ್ಡಿ. ಹಳೆ ಸ್ಪೀಕರಿನ ಆಂಪ್ಲಿಫೈಯರ್ ಕಿತ್ತು, ಅದಕ್ಕೊಂದು ಮೈಕ್ ಸಿಕ್ಕಿಸಿ, ಕಡ್ಡಿಯ ಬುಡದ ಸುರುಳಿಗೆ ಬೆಸುಗೆ ಹಾಕಿದೆ, ಕೈ ಸುಟ್ಟಿತು, ಬೈದೆ, ಕರೆಂಟಿಗೆ ಅದೇ ಸತ್ತ ಕಂಪ್ಯೂಟರಿನ ಪವರ್ ಸಪ್ಲೈ, ತಿರುಗುಗುಂಡಿ ಸಿಡಿ ಡ್ರೈವಿನದು, ಅಲಾರಂ ಗಡಿಯಾರದೊಳಗೆ ಕೂಗುವ ಹಿತ್ತಾಳೆ ಬಿಲ್ಲೆ ತಂದು ತಟ್ಟೆಯ ಬುಡಕ್ಕೆ ಅಂಟಿಸಿದೆ, ಅದು ಕಿವಿ, ತಟ್ಟೆ ನಡುಗಿದ್ದನ್ನೆಲ್ಲ ಕೇಳಿ ಹೊರಗಿನ ಸ್ಪೀಕರಿಗೆ ಕಳಿಸುತ್ತದೆ — ಆ ಅನ್ನು ಎಂದುಕೊಂಡೆ, ಆ ಅಂದೆ, ಹಳೆ ಹಾಡನ್ನು ಓದುತ್ತಿದ್ದ ಕಡ್ಡಿ ಹೊಸ ದನಿಗೆ ನಡುಗಿತು, ಬೀರು ಎಳೆದ ಸದ್ದು ಒಳಗೆ ಹೋಗಿ ಗುಡುಗಾಗಿ ಹೊರಗೆ ಬಂತು, ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದ, ಏನಮ್ಮಾ ಸಿಡೀತು? ನಾನು ಕಣಯ್ಯಾ, ನಾನು.

ಈಗ ತಮ್ಮ ಹೆಡ್‌ಫೋನ್ ಕಿತ್ತು ಬರುತ್ತಿದ್ದಾನೆ, ಚಪ್ಪಲಿ ಚಟಪಟ ಬಡಿಯುತ್ತ, ಚಿಕ್ಕವನಾಗಿದ್ದಾಗಲೂ ಸಿಟ್ಟು ಬಂದರೆ ಹೀಗೇ, ಕಾಲಿಗೆ ಮೊದಲು ಬರುತ್ತಿತ್ತು. ಸಾಕಕ್ಕಾ, ಜನ ನಗ್ತಾರೆ, ನನ್ನ ಮರ್ಯಾದೆ ಹೋಗ್ಲಿ, ನಿನ್ನ ಹೆಸರೇನಾಗ್ಬೇಕು, ಆ ಡಿಸ್ಕ್ ತಂದಿದೀಯಾ ತಾನೇ, ಕೊಡು, ಲ್ಯಾಪ್‌ಟಾಪಿಗೆ ಹಾಕ್ಕೋತೀನಿ. ತಂದಿದೀನಿ. ಎಲ್ಲಿ? ಗದ್ದದಿಂದ ತೋರಿಸುತ್ತೇನೆ, ಕೈ ತೆಗೆಯುವಂತಿಲ್ಲ, ಕೈ ತೆಗೆದರೆ ಗುಂಯ್. ಬಗ್ಗುತ್ತಾನೆ, ತಟ್ಟೆ ನೋಡುತ್ತಾನೆ, ಪಕ್ಕಕ್ಕೆ ಸುಲಿದು ಅಂಟಿಸಿದ ಚೀಟಿ ನೋಡುತ್ತಾನೆ, ತನ್ನದೇ ಅಕ್ಷರ, ತುಟಿ ಅಲ್ಲಾಡುತ್ತದೆ, ಅಕ್ಕನ ಹಾಡು, ಮುಖದ ಬಣ್ಣ ಇಳಿಯುತ್ತದೆ, ತೆರೆದುಬಿಟ್ಟೆಯಾ, ಹೋಯ್ತಲ್ಲೇ ಎಲ್ಲಾ ಹೋಯ್ತಲ್ಲೇ, ಹುಚ್ಚು ಹಿಡಿದಿದ್ಯಾ ನಿನಗೆ, ಅಷ್ಟು ಚೆನ್ನಾಗಿ ಹಾಡಿದ್ದೆ — ಅವಳು ಚೆನ್ನಾಗಿ ಹಾಡಿದ್ದಳು, ಹೌದು, ಕೇಳಿಸಿಕೊಂಡವರು ಪುಣ್ಯವಂತರು, ಆದರೆ ಸಂಜೆ ಇಲ್ಲಿ ನಿಲ್ಲುವವಳು ನಾನು, ಬಾಯಿ ನನ್ನದು, ಇನ್ನೊಬ್ಬಳ ದನಿಗೆ ನನ್ನ ಬಾಯಿ ಬಾಡಿಗೆಗಿಲ್ಲ, ಅವಳು ನಾನೇ ಆಗಿದ್ದರೂ ಇಲ್ಲ. ಹೋಗಿ ಮಿಕ್ಸರ್ ಹತ್ರ ಕೂತ್ಕೋ, ಇಷ್ಟವಿಲ್ಲದಿದ್ರೆ ಬಾಗಿಲು ಅಲ್ಲಿದೆ, ಬೇರೆಯವರನ್ನ ಕೂರಿಸ್ತೀನಿ. ಅವನು ಹೋಗುವುದಿಲ್ಲ, ಕೂರುವುದೂ ಇಲ್ಲ, ಬಗ್ಗಿಯೇ ನಿಂತಿದ್ದಾನೆ, ತಟ್ಟೆಯೊಳಗೆ ಅವನ ಮುಖ, ಮುಖದ ಪಕ್ಕದಲ್ಲಿ ನನ್ನ ಕತ್ತು. ಡ್ರಮ್ಮಿನವನು ಕೋಲು ಎತ್ತಿಕೊಂಡ, ತಾಳ ಕೊಡಲಾ ಅಕ್ಕಾವ್ರೇ, ಈ ಸಲ ಅವನ ದನಿಯಲ್ಲಿ ನಗೆಯಿಲ್ಲ, ಕೊಡು ಅನ್ನುತ್ತೇನೆ. ಅಂಗೈ ಒತ್ತುತ್ತೇನೆ, ಜುಮ್ಮೆನ್ನುತ್ತದೆ, ಗುಂಯ್ ನಿಲ್ಲುತ್ತದೆ, ಖಾಲಿ ಕುರ್ಚಿಗಳು, ಉಸಿರು, ಬಾಯಿ ತೆರೆಯುತ್ತೇನೆ, ಮೊದಲ ಸ್ವರ ಹರಿದೇ ಬರುತ್ತದೆ, ಬರಲಿ, ತಟ್ಟೆ, ತಟ್ಟೆಯಲ್ಲಿ ಹೊಲಿಗೆಯ ಗೆರೆ, ಗೆರೆಯ ಮೇಲೆ ಕಡ್ಡಿ, ನಡುಗುತ್ತಿದೆ, ಕಡ್ಡಿ, ನಡುಗುತ್ತಿದೆ