ಶೀನಪ್ಪ ಪಟೇಲರ ಒಂದು ವಾಕ್ಯ

ಪುತ್ತೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಯಜ್ಞೇಶ್ವರ ರಾಯರು ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಹಳಬರು ರಾಜ್ಯದ ಬಗ್ಗೆ, ಅರಸರ ಬಗ್ಗೆ ಬರೆದಿಟ್ಟದ್ದನ್ನು ಓದುವುದು ಹೇಗೆ ಎಂಬ ವಿಷಯ ಬಂದರೆ ಅವರಿಗೆ ಗಂಟೆ ಹೊಡೆದದ್ದೂ ಕೇಳುತ್ತಿರಲಿಲ್ಲ. "ವಾಕ್ಯದ ಅರ್ಥ ಎಂತ ಅಂತ ಮೊದಲೇ ಕೇಳ್ಬೇಡಿ. ಬರೆದವ ಯಾರಿಗೆ ಉತ್ತರ ಕೊಡ್ತಾ ಇದ್ದ? ಆ ಮಾತಿನಿಂದ ಅವ ಯಾವ ಕೆಲಸ ಮಾಡಿಸಿಕೊಳ್ಳಲಿಕ್ಕೆ ಹೊರಟಿದ್ದ? ಅದನ್ನು ಕೇಳಿ" ಎನ್ನುತ್ತಿದ್ದರು.

ಈ ಪಾಠವನ್ನು ದಮಯಂತಿಯಷ್ಟು ಮನಸ್ಸಿಟ್ಟು ಕೇಳಿದವರು ಬೇರೆ ಇರಲಿಲ್ಲ. ಸುಳ್ಯದ ಕಡೆಯ ಗೌಡರ ಮನೆಯ ಹುಡುಗಿ. ಎಂ.ಎ. ಮುಗಿಸಿ ೧೯೭೨ರಲ್ಲಿ ಅದೇ ಕಾಲೇಜಿಗೆ ಅಧ್ಯಾಪಕಿಯಾಗಿ ಬಂದಾಗ ಅವಳ ಬ್ಯಾಗಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕೈಬರಹದ ಪುಸ್ತಕವಿತ್ತು. ಅವಳ ಅಜ್ಜನ ಅಜ್ಜ ಶೀನಪ್ಪ ಪಟೇಲರು ಬರೆದದ್ದು. ಅರಸು ಹೇಗಿರಬೇಕು, ಪ್ರಜೆ ಹೇಗಿರಬೇಕು ಎಂದು ಊರಿನ ಪಟೇಲನೊಬ್ಬ ನೂರೈವತ್ತು ವರ್ಷದ ಹಿಂದೆ ಬರೆದಿದ್ದ.

ರಾಯರು ನಿಂತಲ್ಲೇ ನಾಲ್ಕು ಪುಟ ತಿರುಗಿಸಿದರು. "ಇದು ನಮ್ಮ ಕಾಲೇಜಿನ ಭಾಗ್ಯ ಮಾರಾಯ್ತಿ! ಇದು ನನ್ನ ಕಪಾಟಿನಲ್ಲಿರ್ಲಿ, ಗೆದ್ದಲು ಹಿಡಿಯುದು ಬೇಡ."

ನಾಲ್ಕು ವರ್ಷ ಇಬ್ಬರೂ ಕಾಲೇಜು ಬಿಟ್ಟ ಮೇಲೆ ಕುಳಿತು ಅದನ್ನು ಓದಿದರು. ಒಂದು ವಾಕ್ಯ ಮಾತ್ರ ಬಿಡಿಸಲಾಗದೆ ಉಳಿದಿತ್ತು: "ಮಾತು ತಪ್ಪಿದ ಅರಸನ ಬಾಗಿಲಿಗೆ ಪ್ರಜೆ ಹೋಗಬೇಕಾದ್ದಿಲ್ಲ." ಅರಸನನ್ನು ಧಿಕ್ಕರಿಸಿ ಎಂದೇ ಪಟೇಲರು ಹೇಳಿದರೇ? ಅರಸನ ಮೇಲೆ ಅಷ್ಟು ಭಕ್ತಿಯಿದ್ದವರು?

ಉತ್ತರ ಸಿಕ್ಕಿದ್ದು ದಮಯಂತಿಗೆ. ಅದೇ ಪುಸ್ತಕದಲ್ಲಿ ಇನ್ನೂ ಮೂರು ಕಡೆ 'ಬಾಗಿಲಿಗೆ ಹೋಗುವುದು' ಎಂಬ ಮಾತಿತ್ತು. ಮೂರೂ ಕಡೆ ಅದು ಬಿಟ್ಟಿ ಚಾಕರಿಗೆ ಹೋಗುವುದು ಎಂಬ ಅರ್ಥದಲ್ಲಿತ್ತು. ನಾಟಿಯ ತಿಂಗಳಲ್ಲಿ ಬಿಟ್ಟಿಗೆ ಕರೆಯುವುದಿಲ್ಲವೆಂದು ಅರಸು ಮಾತು ಕೊಟ್ಟಿದ್ದ, ಕೊಟ್ಟು ಮರೆತಿದ್ದ. ಪಟೇಲರು ಅದನ್ನು ನೆನಪಿಸುತ್ತಿದ್ದರು. ಅದು ದಂಗೆಯ ಕರೆಯಾಗಿರಲಿಲ್ಲ, ಅಹವಾಲಾಗಿತ್ತು.

"ನೀನು ನನ್ನನ್ನು ಮೀರಿಸಿದೆ" ಎಂದರು ರಾಯರು. ಕ್ಯಾಂಟೀನಿನಿಂದ ಎರಡು ಗೋಳಿಬಜೆ ತರಿಸಿ, ಎರಡನ್ನೂ ಅವಳ ಮುಂದಿಟ್ಟರು.

ಅದನ್ನೇ ಲೇಖನ ಮಾಡಿ ೧೯೭೬ರ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟಳು. ತುರ್ತು ಪರಿಸ್ಥಿತಿಯ ಕಾಲ. ಸಂಪಾದಕರು ಆ ವಾಕ್ಯವನ್ನೇ ದಪ್ಪ ಅಕ್ಷರದಲ್ಲಿ ತಲೆಬರಹ ಮಾಡಿದರು. ಯಾರೋ ದೂರು ಕೊಟ್ಟರು. ಪೊಲೀಸರು ಬಂದು ಸಂಚಿಕೆಯ ಕಟ್ಟುಗಳನ್ನು ಜೀಪಿಗೆ ಹಾಕಿಕೊಂಡು ಹೋದರು. ಆಡಳಿತ ಮಂಡಳಿ ಹೆದರಿ ದಮಯಂತಿಯನ್ನು ವಿಚಾರಣೆಗೆ ಕರೆಯಿತು.

ಅವಳಿಗೆ ಹೆದರಿಕೆಯೇನೂ ಆಗಲಿಲ್ಲ. "ಆ ವಾಕ್ಯದ ಅರ್ಥ ರಾವ್ ಸಾರ್‌ಗೆ ಗೊತ್ತುಂಟು. ಅವರನ್ನೇ ಕೇಳಿ" ಎಂದಳು.

ಮಂಡಳಿ ರಾಯರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿತು. ಮುಂದಿನ ಸೋಮವಾರ ಸಂಚಾಲಕರು ಅದನ್ನು ಅವಳೆದುರಿಗೇ ಓದಿದರು. ರಾಯರು ಪಕ್ಕದ ಕುರ್ಚಿಯಲ್ಲೇ ಕುಳಿತು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದರು.

"ಬರಹದ ಅರ್ಥ ಅದರ ಪದಗಳಲ್ಲೇ ಇರುತ್ತದೆ. ಬರೆದವನ ಕಾಲ, ಉದ್ದೇಶ ಇಲ್ಲಿ ಅಪ್ರಸ್ತುತ. ಇಂದಿನ ಓದುಗ ಈ ವಾಕ್ಯವನ್ನು ಇಂದಿನ ಸರಕಾರದ ವಿರುದ್ಧ ಎಂದೇ ಓದುತ್ತಾನೆ. ಲೇಖಕಿಗೆ ಇದು ತಿಳಿಯದೆ ಇರಲಿಕ್ಕಿಲ್ಲ."

ದಮಯಂತಿ ಮೊದಲು ಸಂಚಾಲಕರು ಬೇರೆ ಯಾರದ್ದೋ ಕಾಗದ ಓದಿದರು ಎಂದುಕೊಂಡಳು. ಆಮೇಲೆ ಸಹಿ ತೋರಿಸಿದರು.

"ಸಾರ್, ಇದು ನೀವು ಬರೆದದ್ದಾ?"

ರಾಯರು ತಲೆ ಎತ್ತಲಿಲ್ಲ. "ಕೇಳಿದ್ದಕ್ಕೆ ಅಭಿಪ್ರಾಯ ಕೊಟ್ಟೆ, ಅಷ್ಟೆ."

ಕೆಲಸದಿಂದ ತೆಗೆದ ಆದೇಶದ ಜೊತೆ ಆ ಅಭಿಪ್ರಾಯದ ಪ್ರತಿಯೂ ಅವಳ ಕೈಗೆ ಬಂತು. ಜೂನಿನಲ್ಲಿ ರಾಯರು ಪ್ರಾಂಶುಪಾಲರಾದರು.

ಕಡಬದ ಒಂದು ಹೈಸ್ಕೂಲಿನಲ್ಲಿ ಅವಳಿಗೆ ಸಮಾಜ ಪಾಠದ ಕೆಲಸ ಸಿಕ್ಕಿತು. ಕೈಬರಹದ ಪುಸ್ತಕ ವಾಪಸು ಕೊಡಿ ಎಂದು ರಾಯರಿಗೆ ಎರಡು ಸಲ ಬರೆದಳು. ಉತ್ತರ ಬರಲಿಲ್ಲ. ಕೆಲಸ ಹೋದದ್ದಕ್ಕಿಂತ ಬೇರೊಂದು ಅವಳನ್ನು ಸುಡುತ್ತಿತ್ತು. ಆ ನಾಲ್ಕು ವರ್ಷದ ಸಂಜೆಗಳಲ್ಲಿ ನಿಜವಾದದ್ದು ಯಾವುದು, ಸುಳ್ಳು ಯಾವುದು ಎಂದು ಇನ್ನು ಯಾರನ್ನು ಕೇಳುವುದು?

೧೯೮೧ರಲ್ಲಿ ಪುತ್ತೂರಿನ ಪುಸ್ತಕದಂಗಡಿಯಲ್ಲಿ ರಾಯರ ಹೊಸ ಪುಸ್ತಕ ಕಂಡಿತು. ಶೀನಪ್ಪ ಪಟೇಲರ ಬರಹದ ಬಗ್ಗೆಯೇ. ಅಂಗಡಿಯಲ್ಲಿ ನಿಂತೇ ಓದಿದಳು. ಬಾಗಿಲಿಗೆ ಹೋಗುವುದು ಎಂದರೆ ಬಿಟ್ಟಿ ಚಾಕರಿ, ಅದಕ್ಕೆ ಮೂರು ಆಧಾರ, ಅವಳ ಲೇಖನದಲ್ಲಿದ್ದ ಕ್ರಮದಲ್ಲೇ. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲು: "ನಕಲು ಮಾಡುವಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನೆರವಾದಳು." ಹೆಸರು ಇರಲಿಲ್ಲ.

ಮರುವರ್ಷ ಸುಳ್ಯದಲ್ಲಿ ಆ ಪುಸ್ತಕದ ಬಗ್ಗೆ ರಾಯರ ಉಪನ್ಯಾಸ ಇತ್ತು. ದಮಯಂತಿ ಹೋದಳು. ಜೊತೆಗೆ ಅವಳ ಶಾಲೆಯ ಹಿಂದಿ ಟೀಚರ್ ರುಕಿಯಾ. ಉಪನ್ಯಾಸ ಮುಗಿದು, ಪ್ರಶ್ನೆ ಉಂಟಾ ಎಂದು ಕೇಳಿದಾಗ ದಮಯಂತಿ ಎದ್ದು ನಿಂತಳು.

"ಸಾರ್, ಇದೇ ವಾಕ್ಯಕ್ಕೆ ಎಪ್ಪತ್ತಾರರಲ್ಲಿ ನೀವು ಬೇರೆ ಅರ್ಥ ಬರೆದು ಕೊಟ್ಟಿದ್ರಿ. ಬರೆದವನ ಕಾಲ ಅಪ್ರಸ್ತುತ ಅಂದಿದ್ರಿ. ನಿಮ್ಮ ಯಾವ ಓದು ಸರಿ?"

ಸಭೆ ತಿರುಗಿ ನೋಡಿತು. ರಾಯರು ನೀರು ಕುಡಿದರು. ಮತ್ತೆ ಮಾತಾಡಿದಾಗ ಅವರ ಧ್ವನಿ ಕ್ಲಾಸಿನಲ್ಲಿ ಇದ್ದಷ್ಟೇ ಮೃದುವಾಗಿತ್ತು.

"ದಮಯಂತಿ, ನಾನು ಬರೆದದ್ದನ್ನೂ ಹಾಗೇ ಓದ್ಬೇಕಲ್ವ? ಆಗಿನ ಕಾಲ ಎಂತದ್ದು, ನಾನು ಯಾರಿಗೆ ಉತ್ತರ ಕೊಡ್ಬೇಕಿತ್ತು, ಅದನ್ನೂ ನೀನು ನೋಡ್ಬೇಕು."

"ನೋಡಿದ್ದೇನೆ ಸಾರ್. ಆರು ವರ್ಷ ಅದನ್ನೇ ನೋಡಿದ್ದು. ಯಾಕೆ ಬರೆದ್ರಿ ಅಂತ ಅರ್ಥ ಆಗ್ತದೆ. ಅರ್ಥ ಆದ ಕೂಡ್ಲೆ ಅದು ಸರಿ ಆಗುದಿಲ್ಲ." ಮತ್ತೆ ಕೇಳಿದಳು, "ನಮ್ಮ ಮನೆಯ ಪುಸ್ತಕ ಎಲ್ಲುಂಟು?"

"ಅದನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ."

"ಯಾರ ಹೆಸರಲ್ಲಿ?"

ರಾಯರು ಸಂಘಟಕರ ಕಡೆ ನೋಡಿದರು. ಸಂಘಟಕರು ವಂದನಾರ್ಪಣೆಗೆ ಎದ್ದರು.

ಬೇಸಿಗೆ ರಜೆಯಲ್ಲಿ ದಮಯಂತಿ ಆ ಗ್ರಂಥಾಲಯಕ್ಕೆ ಹೋದಳು. ತನ್ನ ಮನೆಯ ಪುಸ್ತಕ ನೋಡಲು ಅರ್ಜಿ ಬರೆದಳು. "ದಾನಿಗಳು: ಪ್ರೊ. ಯಜ್ಞೇಶ್ವರ ರಾವ್" ಎಂದು ರಟ್ಟಿನ ಮೇಲೆ ಚೀಟಿ ಅಂಟಿಸಿದ್ದರು. ಹನ್ನೊಂದು ದಿನ ಕುಳಿತು ಇಡೀ ಪುಸ್ತಕವನ್ನು ನಕಲು ಮಾಡಿದಳು. ರುಕಿಯಾ ಕರಡು ತಿದ್ದಿದಳು. ಪುತ್ತೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಅಚ್ಚಾಯಿತು. ಪಟೇಲರ ಬರಹದ ನಂತರ ರಾಯರ ೧೯೭೬ರ ಅಭಿಪ್ರಾಯವೂ ಒಂದಕ್ಷರ ಬಿಡದೆ ಇತ್ತು. ಕೆಳಗೆ ಅದನ್ನು ಯಾರು ಕೇಳಿದ್ದು, ಯಾವ ತಾರೀಕು, ಆಗ ಯಾವ ಹುದ್ದೆ ಖಾಲಿಯಿತ್ತು, ಯಾರಿಗೆ ಸಿಕ್ಕಿತು, ಊರಿನಲ್ಲಿ ಪೊಲೀಸರೆಂದರೆ ಎಷ್ಟು ಹೆದರಿಕೆಯಿತ್ತು ಎಂದೆಲ್ಲ ವಿವರಿಸಿದ್ದಳು. ರಾಯರ ಹೆದರಿಕೆ ನಿಜವಾದದ್ದೇ ಎಂದೂ ಬರೆದಿದ್ದಳು. ಅದನ್ನು ಬರೆಯುವಾಗ ಅವಳಿಗೆ ಅಳು ಬಂತು.

ಮೊದಲ ಪ್ರತಿಯನ್ನು ರಾಯರಿಗೇ ಕಳಿಸಿದಳು. ಹದಿನೈದು ದಿನದಲ್ಲಿ ಕಟ್ಟು ಬಿಚ್ಚದೆ ವಾಪಸು ಬಂತು.

"ಇದನ್ನು ಎಂತ ಮಾಡುದು?" ರುಕಿಯಾ ಕೇಳಿದಳು.

"ಶಾಲೆಯ ಲೈಬ್ರರಿಯಲ್ಲಿಡಿ" ಎಂದು ಹೇಳಿ ದಮಯಂತಿ ಒಂಬತ್ತನೆಯ ಕ್ಲಾಸಿಗೆ ಹೋದಳು.